ಚಾಪೆಯ ಮೇಲೆ ಉಳಿದವರು

ನಮ್ಮ ಹಳೆಯ ವಿದ್ಯಾರ್ಥಿ ಕೂಟದವರು ಒಂದು ನೆನಪಿನ ಪುಸ್ತಕ ತರುತ್ತಾರಂತೆ. ಅದರಲ್ಲಿ ಹಳ್ಳಿ ಚರ್ಚಿನ ಉಪದೇಶಿಯವರ ಬಗ್ಗೆ ನಾಲ್ಕು ಪುಟ ನಾನೇ ಬರೆಯಬೇಕಂತೆ. ಎರಡು ಸಲ ಆಗುವುದಿಲ್ಲ ಎಂದೆ. ಮೂರನೆಯ ಸಲ ಬಂದವನು, ನೀವು ಎರಡು ವರ್ಷ ಕಾರ್ಯದರ್ಶಿಯಾಗಿದ್ದವರು, ಅವರನ್ನು ನಿಮ್ಮಷ್ಟು ಹತ್ತಿರದಿಂದ ನೋಡಿದವರು ಈಗ ಯಾರಿದ್ದಾರೆ ಎಂದು ಹೇಳಿ ಹೋದ. ಹತ್ತಿರದಿಂದ ನೋಡಿದ್ದು ನಿಜ. ಈಗ ನನಗೂ ವಯಸ್ಸಾಗಿದೆ, ಮತ್ತೆ ಮತ್ತೆ ಇಲ್ಲ ಎನ್ನುವುದಕ್ಕೂ ಸುಸ್ತು. ಆದ್ದರಿಂದ ಬರೆಯುತ್ತೇನೆ. ಅವರ ಹೆಸರು ಹಾಕುವುದಿಲ್ಲ, ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಮೂವತ್ತು ವರ್ಷ ಮಾಡಿಕೊಂಡು ಬಂದ ಕೆಲಸ ಹೋದದ್ದು ನಾನು ಬರೆದ ಒಂದು ಕಾಗದದಿಂದ. ಪುಸ್ತಕದವರಿಗೆ ಇದು ಬೇಡವಾದರೆ ಬಿಡಲಿ, ನನಗೇನೂ ಬೇಸರವಿಲ್ಲ.

ಅದು ಯುದ್ಧದ ಕಾಲ. ನಾವು ಹೊಸೂರು, ಕೆಲಮಂಗಲ, ತಳಿ, ಕೃಷ್ಣಗಿರಿ ಕಡೆಯ ಹದಿನೆಂಟು ಕ್ರೈಸ್ತ ಹುಡುಗರು ಬೆಂಗಳೂರಿನಲ್ಲಿ ಪಾದ್ರಿ ಸ್ವಾಮಿಗಳು ನಡೆಸುತ್ತಿದ್ದ ಕಾಲೇಜಿನಲ್ಲಿ ಓದುತ್ತಿದ್ದೆವು. ನಮ್ಮದೇ ಒಂದು ಕೂಟ. ಸಂಜೆ ಒಟ್ಟಿಗೆ ಜಪ, ಭಾನುವಾರ ಹಾಡು, ತಿಂಗಳಿಗೊಮ್ಮೆ ಭಾಷಣ. ಕೂಟದ ನಿರ್ದೇಶಕರಾಗಿದ್ದ ಸ್ವಾಮಿಗಳಿಗೆ ಒಂದು ಹಟವಿತ್ತು. ಪಟ್ಟಣದ ದೊಡ್ಡ ಚರ್ಚಿನಲ್ಲಿ ಪಾಸ್ಕ ಹಬ್ಬ, ಅಂದರೆ ಈಸ್ಟರ್, ನೋಡಿದವನು ತನ್ನ ಊರಿನ ಭಕ್ತಿಯನ್ನು ಮರೆಯುತ್ತಾನೆ ಎಂದು ಅವರು ನಂಬಿದ್ದರು. ಹಾಗಾಗಿ ಪ್ರತಿ ವರ್ಷ ಹಬ್ಬದ ಹಿಂದಿನ ಇಡೀ ವಾರ ನಮ್ಮನ್ನು ಕೆಲಮಂಗಲದಿಂದ ಎರಡು ಮೈಲಿ ದೂರದ ಒಂದು ಹಳ್ಳಿಗೆ ಕರೆದೊಯ್ದು, ಅಲ್ಲಿನ ಸಣ್ಣ ಚರ್ಚಿನ ಜಗಲಿಯಲ್ಲಿ ಮಲಗಿಸಿ, ಊರಿನವರ ಜೊತೆಯಲ್ಲೇ ಹಬ್ಬ ಮಾಡಿಸುತ್ತಿದ್ದರು. ಆ ಹಳ್ಳಿಯ ಉಪದೇಶಿ ಇವರು.

ಪೂಜೆ ಮಾಡಿಸುವ ಸ್ವಾಮಿಗಳು ಹಳ್ಳಿಗೆ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಉಳಿದ ದಿನಗಳೆಲ್ಲ ಉಪದೇಶಿಯ ಪಾಲು. ಗಂಟೆ ಹೊಡೆಯುವುದು, ಮಕ್ಕಳಿಗೆ ಜಪ ಕಲಿಸುವುದು, ಸಾಯುವವರ ತಲೆದೆಸೆಯಲ್ಲಿ ಕೂತು ಪ್ರಾರ್ಥನೆ ಹೇಳುವುದು, ಸತ್ತ ಮೇಲೆ ಗುಂಡಿ ತೋಡಿಸುವುದು, ಎಲ್ಲವೂ ಅವರದೇ. ಇದಕ್ಕೆ ಅವರಿಗೆ ಸಿಗುತ್ತಿದ್ದದ್ದು ಒಂದಿಷ್ಟು ರಾಗಿ ಮತ್ತು ಚರ್ಚಿನ ಗೋಡೆಗೆ ಒರಗಿಕೊಂಡ ಒಂದು ಕೋಣೆ. ಹೆಂಡತಿ ತೀರಿಕೊಂಡದ್ದು, ಒಬ್ಬಳೇ ಮಗಳ ಮದುವೆಯಾದದ್ದು ಎಲ್ಲ ಆ ಕೋಣೆಯಲ್ಲೇ.

ನಾನು ಅವರನ್ನು ಮೊದಲು ನೋಡಿದ್ದು ಕೆಲಮಂಗಲದಲ್ಲಿ ಬಸ್ಸು ನಿಲ್ಲುವ ಕಡೆ. ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡಿಸುತ್ತಿದ್ದ ಬಸ್ಸು ಏರು ಬಂದಲ್ಲೆಲ್ಲ ನಿಂತು, ನಾವು ಇಳಿದು ತಳ್ಳಿ, ಬೆಳಗ್ಗೆ ತಲುಪಬೇಕಾದವರು ಮಧ್ಯಾಹ್ನ ಮೂರಕ್ಕೆ ತಲುಪಿದ್ದೆವು. ಹೊಂಗೆ ಮರದಡಿ ಒಬ್ಬರು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟುಕೊಂಡು ಬೆಳಗ್ಗೆಯಿಂದ ಕಾದಿದ್ದರು. ಐವತ್ತೈದು ದಾಟಿದ ತೆಳ್ಳನೆಯ ಆಳು, ಮೊಣಕಾಲು ಊದಿಕೊಂಡಿತ್ತು. ಏಳುವಾಗ ಎರಡೂ ಕೈ ಊರಿ 'ಅಪ್ಪಾ ಸರ್ವೇಸ್ವರಾ' ಎಂದರು. ದಿನಕ್ಕೆ ಹತ್ತು ಸಲ ಹಾಗೆ ಹೇಳುತ್ತಿದ್ದರು. ಅದು ಪ್ರಾರ್ಥನೆಯೋ ಮೊಣಕಾಲ ನೋವೋ ನನಗೆ ಕೊನೆಯ ತನಕ ಗೊತ್ತಾಗಲಿಲ್ಲ. ಹೇಗಿದ್ದೀರಿ ಎಂದು ಯಾರು ಕೇಳಿದರೂ ಅವರ ಉತ್ತರ ಒಂದೇ, 'ನಿಮ್ ಉಪದೇಸಿ ಅಂಗೇ ಅವ್ನೆ.' ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದರು.

ಅವರಿಗೆ ಮೂರು ಭಾಷೆ, ಮೂರಕ್ಕೂ ಬೇರೆ ಬೇರೆ ಕೆಲಸ. ಜಪ ತಮಿಳಿನಲ್ಲಿ, ಬೈಗುಳ ತೆಲುಗಿನಲ್ಲಿ, ಸಂಸಾರದ ಮಾತು ಕನ್ನಡದಲ್ಲಿ. ಪೂಜೆಯ ಲ್ಯಾಟಿನ್ ಉತ್ತರಗಳೂ ಬರುತ್ತಿದ್ದವು, ಆದರೆ ಉದ್ದದ ಪದ ಬಂದಾಗ ಅರ್ಧ ನುಂಗಿ ಕೊನೆಯ ಅಕ್ಷರವನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದರು. ಕಾಲೇಜಿನಲ್ಲಿ ಲ್ಯಾಟಿನ್ ಕಲಿಯುತ್ತಿದ್ದ ನಾವು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದೆವು. ಅವರಿಗೆ ಅದು ಗೊತ್ತಿತ್ತು. ನೀವೂ ನುಂಗದೆ ಹೇಳಿ ನೋಡಿ, ಉಸಿರು ಎಲ್ಲಿಂದ ತರ್ತೀರೋ ನೋಡ್ತೀನಿ ಎಂದಿದ್ದರು.

ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ಸ್ವಾಮಿಗಳು ಹನ್ನೆರಡು ಜನರ ಪಾದ ತೊಳೆಯುವುದು ಪದ್ಧತಿ. ಉಪದೇಶಿಯವರು ಆ ಹನ್ನೆರಡು ಜನರನ್ನೂ ಮೊದಲೇ ಬಾವಿಕಟ್ಟೆಗೆ ಕರೆದೊಯ್ದು, ತೆಂಗಿನ ನಾರು ಕೊಟ್ಟು, ಹಿಮ್ಮಡಿ ಕೆಂಪಾಗುವ ತನಕ ಉಜ್ಜಿಸುತ್ತಿದ್ದರು. ಸ್ವಾಮಿಗಳಿಗೆ ಸೊಂಟ ನೋವು, ಬಗ್ಗಿಕೊಂಡು ಎಷ್ಟೊತ್ತು ತೊಳೀತಾರೆ ಎನ್ನುವುದು ಅವರ ಲೆಕ್ಕ. ತೊಳೆದ ಪಾದವನ್ನೇ ಮತ್ತೆ ತೊಳೆಯುತ್ತಿದ್ದೇನೆಂದು ಸ್ವಾಮಿಗಳಿಗೆ ಯಾವತ್ತೂ ತಿಳಿಯಲಿಲ್ಲ.

ಶುಭ ಶುಕ್ರವಾರ ಚರ್ಚಿನ ಗಂಟೆ ಮಾತಾಡುವಂತಿಲ್ಲ. ಅದರ ಬದಲು ಮರದ ಒಂದು ದೊಡ್ಡ ಗಿಲಕಿಯನ್ನು ತಿರುಗಿಸುತ್ತ ಊರೆಲ್ಲ ಸುತ್ತಿ ಜನರನ್ನು ಶಿಲುಬೆ ಹಾದಿಗೆ ಕರೆಯಬೇಕು. ಬಿಸಿಲಿನಲ್ಲಿ ಮೂರು ಸುತ್ತು. ಮೊದಲ ವರ್ಷ ನಾನು ಹುಮ್ಮಸ್ಸಿನಿಂದ ಗಿಲಕಿ ಕೇಳಿ ಪಡೆದು, ಒಂದು ಸುತ್ತಿಗೇ ಅಂಗೈ ಬೊಬ್ಬೆ ಎಬ್ಬಿಸಿಕೊಂಡು ವಾಪಸು ಕೊಟ್ಟೆ. ಅವರು ಏನೂ ಹೇಳದೆ ತೆಗೆದುಕೊಂಡು ಉಳಿದೆರಡು ಸುತ್ತು ಹೋದರು. ಬಂದು ಜಗಲಿಯ ಮೇಲೆ ಕೂತಾಗ ಅವರ ಮುಖದಲ್ಲಿ ಭಕ್ತಿಯಿರಲಿಲ್ಲ, ಬರೀ ದಣಿವಿತ್ತು. ಮಜ್ಜಿಗೆ ಕೊಡಲೇ ಎಂದು ಕೇಳಿದೆ. ಉಪವಾಸ ಕಣಪ್ಪ ಎಂದು ಕಣ್ಣು ಮುಚ್ಚಿದರು.

ಇನ್ನು ಉಪವಾಸದ ಮಾತು. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಆಗ ಪೂಜೆಯಲ್ಲಿ ಸ್ವಾಮಿಗಳು ಕೊಡುವ ಸತ್ಪ್ರಸಾದ ತೆಗೆದುಕೊಳ್ಳುವವನು ಹಿಂದಿನ ಮಧ್ಯರಾತ್ರಿಯಿಂದ ಏನೂ ತಿನ್ನುವಂತಿಲ್ಲ, ಒಂದು ತೊಟ್ಟು ನೀರು ಕೂಡ ಕುಡಿಯುವಂತಿಲ್ಲ. ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ಒಂದು ಗುಟುಕು ಒಳಗೆ ಹೋಯಿತೆಂದರೆ ಅವತ್ತಿಗೆ ಪ್ರಸಾದವಿಲ್ಲ. ಆ ಚರ್ಚಿನಲ್ಲಿ ಬೆಂಚುಗಳಿರಲಿಲ್ಲ, ಉದ್ದನೆಯ ಚಾಪೆಗಳು. ನಮ್ಮ ಕೂಟಕ್ಕೆ ಎಲ್ಲರಿಗಿಂತ ಮುಂದೆ ಒಂದು ಚಾಪೆ. ಪ್ರಸಾದದ ಹೊತ್ತಿಗೆ ಇಡೀ ಚಾಪೆ ಎದ್ದು ಪೀಠದ ಕಡೆ ಹೋಗುತ್ತಿತ್ತು. ಯಾರಾದರೂ ಏಳದೆ ಉಳಿದರೆ ಹಿಂದೆ ಇರುವ ಊರಿಗೆ ಊರೇ ಅವನ ಬೆನ್ನು ನೋಡುತ್ತಿತ್ತು. ಉಳಿಯುವುದಕ್ಕೆ ಎರಡೇ ಕಾರಣ. ನೀರು ಕುಡಿದಿರಬೇಕು, ಇಲ್ಲವೇ ಸ್ವಾಮಿಗಳಿಗೆ ಹೇಳಿ ಕ್ಷಮೆ ಪಡೆಯದ ದೊಡ್ಡ ಪಾಪವೊಂದು ಮೈಮೇಲಿರಬೇಕು. ಪಾಸ್ಕ ಹಬ್ಬದ ದಿನ ಉಳಿದವನ ವಿಷಯದಲ್ಲಿ ಜನ ಯಾವುದನ್ನು ಮೊದಲು ಯೋಚಿಸುತ್ತಾರೆ ಎಂದು ಹೇಳಬೇಕಾಗಿಲ್ಲ.

ಇದರ ಮೇಲೆ ನಿರ್ದೇಶಕ ಸ್ವಾಮಿಗಳ ಚೀಟಿ ಪದ್ಧತಿ. ಶನಿವಾರ ಸಂಜೆ ಪಾಪನಿವೇದನೆ ಮಾಡಿದವನಿಗೆ ಒಂದು ಚೀಟಿ. ಭಾನುವಾರ ಪ್ರಸಾದಕ್ಕೆ ಹೋಗುವಾಗ ಅದನ್ನು ಹಿತ್ತಾಳೆ ತಟ್ಟೆಯಲ್ಲಿ ಹಾಕಬೇಕು. ಕೂಟದ ಕಾರ್ಯದರ್ಶಿ ಅದನ್ನು ಎಣಿಸಿ ವರದಿ ಬರೆಯಬೇಕು. ಹದಿನೆಂಟು ಹುಡುಗರು, ಜೊತೆಗೆ ನಮ್ಮನ್ನು ನೋಡಿಕೊಳ್ಳುವ ಉಪದೇಶಿ, ಒಟ್ಟು ಹತ್ತೊಂಬತ್ತು. ವರದಿಯನ್ನು ಕಾಲೇಜಿನಲ್ಲಿ ಎಲ್ಲ ಕೂಟಗಳ ಮುಂದೆ ಓದುತ್ತಿದ್ದರು. ಪೂರ್ತಿ ಸಂಖ್ಯೆ ಬಂದ ಕೂಟಕ್ಕೆ ಚಪ್ಪಾಳೆ.

ನನ್ನ ಮೊದಲ ಪಾಸ್ಕ ಹಬ್ಬದಲ್ಲಿ ಚಾಪೆಯ ಮೇಲೆ ಉಳಿದವನು ತಳಿಯ ಇನ್ನಾಸಪ್ಪ. ನನಗಿಂತ ಎರಡು ವರ್ಷ ಮುಂದಿದ್ದ, ಓದಿನಲ್ಲಿ ಗಟ್ಟಿಗ, ಹಾಡಿದರೆ ಎಲ್ಲರೂ ನಿಂತು ಕೇಳಬೇಕು. ಅವನ ಪಕ್ಕದಲ್ಲಿ ಉಪದೇಶಿಯವರೂ ಕೂತಿದ್ದರು, ಅವರೂ ಏಳಲಿಲ್ಲ. ಇಬ್ಬರೂ ಬಾವಿಕಟ್ಟೆಯಲ್ಲಿ ಮರೆತು ನೀರು ಕುಡಿದುಬಿಟ್ಟರಂತೆ ಎಂದು ಯಾರೋ ಹೇಳಿದರು. ಆಮೇಲೆ ಇಡ್ಲಿ ಮತ್ತು ಕುರಿ ಸಾರಿನ ಗದ್ದಲದಲ್ಲಿ ಎಲ್ಲರೂ ಮರೆತೆವು. ಎರಡನೆಯ ವರ್ಷ ಉಳಿದವನು ಬೇರೊಬ್ಬ. ಉಪದೇಶಿಯವರು ಆಗಲೂ ಅವನ ಪಕ್ಕ. ಮುದುಕರಿಗೆ ಮರೆವು ಜಾಸ್ತಿಯಾಗಿದೆ ಎಂದು ನಕ್ಕೆವು.

ಮೂರನೆಯ ವರ್ಷ ನಾನು ಕಾರ್ಯದರ್ಶಿ. ಅಷ್ಟು ಹೊತ್ತಿಗೆ ಇನ್ನಾಸಪ್ಪ ಓದು ಮುಗಿಸಿ ಹೋಗಿದ್ದ. ಎಣಿಸಿದರೆ ಹದಿನೇಳು ಚೀಟಿ. ಬಾಯಿ ಮುಕ್ಕಳಿಸುವಾಗ ನೀರು ನುಂಗಿದೆನೆಂದ ಒಬ್ಬ ಹುಡುಗ, ಅವನ ಪಕ್ಕದಲ್ಲಿ ಕೂತೇ ಇದ್ದ ಉಪದೇಶಿ. ನನಗೆ ವಿಪರೀತ ಸಿಟ್ಟು ಬಂತು. ಆ ಹುಡುಗನದ್ದು ಹೊಸಬನ ತಪ್ಪು, ಹೋಗಲಿ. ವರ್ಷವಿಡೀ ಮಕ್ಕಳಿಗೆ ಉಪವಾಸದ ನಿಯಮ ಕಲಿಸುವವರು ಮೂರು ವರ್ಷದಿಂದ ಹಬ್ಬದ ದಿನವೇ ಪ್ರಸಾದ ತೆಗೆದುಕೊಳ್ಳುತ್ತಿಲ್ಲ. ಊರಿನ ಒಬ್ಬ ಹೆಂಗಸು, ಅವರಿಗೂ ಯಾರಿಗೋ ಏನೋ ಹಗೆಯಿದೆ, ಅದಕ್ಕೇ ಏಳುವುದಿಲ್ಲ ಎಂದು ಹೇಳಿದ್ದೂ ನನ್ನ ಕಿವಿಯಲ್ಲಿತ್ತು. ವರದಿಯ ಕೊನೆಗೆ ಉಪದೇಶಿಯವರ ಹೆಸರು ಬರೆದು, ಅವರು ಸತತ ಮೂರು ವರ್ಷ ಪಾಸ್ಕ ಸತ್ಪ್ರಸಾದವನ್ನು ಸ್ವೀಕರಿಸದಿರುವುದು ಕೂಟದ ಯುವಕರಿಗೆ ಕೆಟ್ಟ ಮಾದರಿಯಾಗಿದೆ ಎಂದು ಸೇರಿಸಿದೆ. ನಿಜ ಹೇಳಬೇಕೆಂದರೆ ಸಂಖ್ಯೆ ತಪ್ಪಲು ಶುರುವಾದದ್ದು ನನ್ನ ಕಾಲದಲ್ಲಿ ಅಲ್ಲ ಎಂದು ತೋರಿಸಬೇಕಾಗಿತ್ತು, ಅಷ್ಟೇ. ಧರ್ಮದ ಕಾಳಜಿ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ.

ನಿರ್ದೇಶಕ ಸ್ವಾಮಿಗಳು ಕೆಟ್ಟವರಲ್ಲ. ಸೋಮವಾರ ಬೆಳಗ್ಗೆ, ನಾವು ಹೊರಡುವ ಮುಂಚೆ, ಜಗಲಿಯಲ್ಲೇ ಉಪದೇಶಿಯವರನ್ನು ಕರೆದು ಮೆಲ್ಲಗೆ ವಿಚಾರಿಸಿದರು. ನಾನು ಕಾಗದ ಹಿಡಿದು ನಿಂತಿದ್ದೆ. ಹುಡುಗರೆಲ್ಲ ಟ್ರಂಕು ಕಟ್ಟುತ್ತ ಸುತ್ತ ಇದ್ದರು, ನೀರು ನುಂಗಿದವನೂ ಇದ್ದ. ನಿನ್ನೆ ಯಾಕೆ ಪ್ರಸಾದಕ್ಕೆ ಬರಲಿಲ್ಲ ಎಂದು ಕೇಳಿದರು.

'ನೀರು ಕುಡ್ದ್‌ಬುಟ್ಟಿದ್ದೆ ಸ್ವಾಮಿ.'

ಹೋದ ವರ್ಷ ಎಂದು ಕೇಳಿದರು. ಹೋದ ವರ್ಷವೂ ಕುಡಿದಿದ್ದೆ ಎಂದರು. ಅದರ ಹಿಂದಿನ ವರ್ಷವೂ. ಪ್ರತಿ ವರ್ಷವೂ ಅದು ಹೇಗೆ ಮರೆಯುತ್ತದೆ ಎಂದು ಸ್ವಾಮಿಗಳು ಕೇಳಿದರು. ಹೌದು, ಮರೆತೆ ಎಂದು ಒಂದು ಮಾತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸ್ವಾಮಿಗಳು ಆ ಮಾತಿಗೇ ಕಾಯುತ್ತಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ. ಉಪದೇಶಿಯವರು ತಲೆ ತಗ್ಗಿಸಿಯೇ ಹೇಳಿದರು.

'ಮರ್ತು ಕುಡೀನಿಲ್ಲ ಸ್ವಾಮಿ. ಬೇಕಂತ್ಲೇ ಕುಡ್ದೆ.'

ಯಾಕೆ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಅವರು ತಲೆ ಎತ್ತಲಿಲ್ಲ, ಬಾಯಿ ಬಿಡಲಿಲ್ಲ. ಮೂವತ್ತು ವರ್ಷ ನಿಯಮ ಕಲಿಸಿದವನು ಹಬ್ಬದ ಬೆಳಗ್ಗೆ ಬೇಕೆಂದೇ ನಿಯಮ ಮುರಿದೆ ಎಂದು ಹುಡುಗರ ಮುಂದೆ ಹೇಳಿದ ಮೇಲೆ ಸ್ವಾಮಿಗಳಿಗೂ ಬೇರೆ ದಾರಿ ಇರಲಿಲ್ಲ. ವರದಿ ಹಳ್ಳಿಯ ಪೂಜೆ ನೋಡಿಕೊಳ್ಳುವ ಸ್ವಾಮಿಗಳಿಗೂ ಹೋಯಿತು. ಮಳೆಗಾಲ ಬರುವುದರೊಳಗೆ ಅವರು ಉಪದೇಶಿಯವರನ್ನು ಬಿಡಿಸಿ, ತರಬೇತಿಯಾದ ಯುವಕನೊಬ್ಬನನ್ನು ಆ ಜಾಗಕ್ಕೆ ಹಾಕಿದರು. ಕೋಣೆಯನ್ನೂ ಬಿಡಬೇಕಾಯಿತು. ಹೊಸೂರಿನ ಪಕ್ಕದ ಅವಲಪಲ್ಲಿಯಲ್ಲಿದ್ದ ಮಗಳ ಮನೆಗೆ ಹೋದರು ಎಂದು ಕೇಳಿದೆ. ಕೇಳಿ ಸುಮ್ಮನಾದೆ.

ನಾಲ್ಕನೆಯ ವರ್ಷದ ಹಬ್ಬವೂ ಆಯಿತು. ಹೊಸ ಉಪದೇಶಿ ಚುರುಕಿನವನು, ಲ್ಯಾಟಿನ್ ಪೂರ್ತಿ ಹೇಳುತ್ತಿದ್ದ. ಮುಗಿಸಿಕೊಂಡು ಬರುವಾಗ ಹೊಸೂರಿನಲ್ಲಿ ಬಸ್ಸು ಕೆಟ್ಟು ನಿಂತಿತು. ಅಲ್ಲಿ ಇನ್ನಾಸಪ್ಪ ಸಿಕ್ಕ. ಆಗ ಅವನಿಗೆ ತಾಲೂಕು ಕಚೇರಿಯಲ್ಲಿ ಕೆಲಸ. ಕಾಫಿ ಕುಡಿಯುತ್ತ ಉಪದೇಶಿಯವರ ವಿಷಯ ಕೇಳಿದ. ನಡೆದದ್ದನ್ನು ಹೇಳಿದೆ, ನನ್ನ ಕಾಗದದ ವಿಷಯವನ್ನೂ ಸ್ವಲ್ಪ ಜಂಬದಿಂದಲೇ ಹೇಳಿದೆ. ಅವನು ಲೋಟ ಕೆಳಗಿಟ್ಟ.

'ಅವತ್ತು ನಾನು ನೀರು ಕುಡ್ದಿರ್ಲಿಲ್ಲ ಕಣ್ಲಾ.'

ಅವನು ನಿಧಾನವಾಗಿ ಹೇಳಿದ. ಹಿಂದಿನ ಸಂಜೆ ಪಾಪನಿವೇದನೆಯಲ್ಲಿ ಒಂದು ವಿಷಯವನ್ನು ಬಚ್ಚಿಟ್ಟಿದ್ದನಂತೆ. ಬಾಯಿ ಬಂದಿರಲಿಲ್ಲ. ಚೀಟಿ ಕೈಯಲ್ಲಿತ್ತು, ಆದರೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಸಾದ ತೆಗೆದುಕೊಳ್ಳಲು ಹೆದರಿಕೆ. ತೆಗೆದುಕೊಳ್ಳದಿದ್ದರೆ ಇಡೀ ಊರು ನೋಡುತ್ತದೆ, ಅವರಪ್ಪನೂ ತಳಿಯಿಂದ ಹಬ್ಬಕ್ಕೆ ಬಂದಿದ್ದರು. ಪೂಜೆಗೆ ಮುಂಚೆ ಚರ್ಚಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದಾಗ ಉಪದೇಶಿಯವರು ಬಂದರಂತೆ. ಏನಾಯಿತು ಎಂದು ಕೇಳಲಿಲ್ಲ. ಪ್ರಸಾದಕ್ಕೆ ಹೋಗ್ತೀಯಾ ಎಂದು ಮಾತ್ರ ಕೇಳಿದರು. ಇವನು ಇಲ್ಲ ಎಂದು ತಲೆ ಆಡಿಸಿದ. ಅವರು ಬಾವಿಗೆ ಹೋಗಿ ಒಂದು ಚೆಂಬು ನೀರು ಸೇದಿ, ಇವನ ಎದುರಿಗೇ ಗಟಗಟ ಕುಡಿದು ಬಾಯಿ ಒರೆಸಿಕೊಂಡರಂತೆ.

'ನಂದು ನೀರು ಕುಡ್ದಾಯ್ತು. ಬಾ, ನಿನ್ ಪಕ್ಕ ನಾನೂ ಕೂತ್ಕತೀನಿ ಅಂದ್ರು ಕಣ್ಲಾ. ನೋಡ್ದೋರೆಲ್ಲ ಇಬ್ರೂ ನೀರು ಕುಡ್ದವ್ರೆ ಅಂದ್ಕಂಡ್ರು. ನಮ್ಮಪ್ಪನೂ ಅಂಗೇ ಅಂದ್ಕಂಡ.'

ಅವರು ಮುಂದಿನ ಭಾನುವಾರ ಕತ್ತಲಿರುವಾಗಲೇ ಎದ್ದು, ಆ ಊದಿದ ಮೊಣಕಾಲಿನಲ್ಲಿ ಹೊಸೂರಿನ ಕಡೆಯ ಚರ್ಚಿಗೆ ನಡೆದು ಹೋಗಿ, ಅಲ್ಲಿ ತಮ್ಮ ಪಾಸ್ಕ ಪ್ರಸಾದ ತೆಗೆದುಕೊಂಡು ಬರುತ್ತಿದ್ದರಂತೆ. ಇದೂ ಇನ್ನಾಸಪ್ಪನಿಗೆ ಗೊತ್ತಿತ್ತು. ಆ ಭಾನುವಾರ ಅವನನ್ನೂ ಬೆಂಗಳೂರಿನಿಂದ ಅಲ್ಲಿಗೆ ಬರಹೇಳಿ, ಅಲ್ಲಿನ ಅಪರಿಚಿತ ಸ್ವಾಮಿಗಳ ಬಳಿ ಪಾಪನಿವೇದನೆಗೆ ಕೂರಿಸಿದ್ದರು. ಅಂದರೆ ಸ್ವಾಮಿಗಳು ಯಾಕೆ ಎಂದು ಕೇಳಿದಾಗ ಅವರ ಬಳಿ ಉತ್ತರವಿತ್ತು. ಹೇಳಿದ್ದರೆ ಕೆಲಸ ಉಳಿಯುತ್ತಿತ್ತು, ಕೋಣೆ ಉಳಿಯುತ್ತಿತ್ತು. ಇನ್ನಾಸಪ್ಪ ನೀರು ಕುಡಿದಿರಲಿಲ್ಲ ಎನ್ನುವುದು ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು. ಬಚ್ಚಿಟ್ಟ ಆ ವಿಷಯ ಏನೆಂದು ನಾನು ಇನ್ನಾಸಪ್ಪನನ್ನು ಕೇಳಲಿಲ್ಲ. ಅವತ್ತು ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಬಸ್ಸು ರಿಪೇರಿಯಾಗಿ ಹುಡುಗರು ಹೊರಟರು. ನಾನು ಹತ್ತಲಿಲ್ಲ. ಬಿಸಿಲಿನಲ್ಲೇ ಅವಲಪಲ್ಲಿಗೆ ನಡೆದೆ.

ಅವರು ಮಗಳ ಮನೆಯ ಮುಂದೆ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದರು. ಕೈಯೆಲ್ಲ ಅಂಟು. ಒಂದೇ ವರ್ಷದಲ್ಲಿ ತುಂಬ ಇಳಿದುಹೋಗಿದ್ದರು. ನನ್ನನ್ನು ಗುರುತು ಹಿಡಿದು, ಬಾ ಎಂದು ಪಕ್ಕದ ಕಲ್ಲು ತೋರಿಸಿದರು. ಮಗಳು ಮಜ್ಜಿಗೆ ತಂದುಕೊಟ್ಟಳು. ಬೆಳಗಿನ ಜಾವ ಗಂಟೆ ಹೊಡೆಯೋ ಹೊತ್ತಿಗೆ ಎದ್ದು ಕೂತುಬಿಡುತ್ತಾರೆ, ಹೊಡೆಯೋಕೆ ಇಲ್ಲಿ ಗಂಟೆ ಇಲ್ಲ, ಆಮೇಲೆ ನಿದ್ದೆ ಮಾಡುವುದಿಲ್ಲ ಎಂದು ಅವಳು ದೂರು ಹೇಳಿದಳು. ಅವರು ಅವಳನ್ನು ತೆಲುಗಿನಲ್ಲಿ ಗದರಿ ಒಳಗೆ ಕಳಿಸಿದರು.

ಕಾಗದ ಬರೆದವನು ನಾನು ಎಂದೆ. ಗೊತ್ತು ಎಂದರು. ಇನ್ನಾಸಪ್ಪ ಎಲ್ಲ ಹೇಳಿದ ಎಂದೆ. ಅದಕ್ಕೆ ಮಾತ್ರ ಅವರ ಮುಖ ಗಂಟಿಕ್ಕಿತು, ಅವನ್ಯಾಕೆ ಹೇಳೋಕೆ ಹೋದ ಎಂದು ಗೊಣಗಿದರು. ಸ್ವಾಮಿಗಳ ಹತ್ತಿರ ಹೋಗಿ ನಾನು ಎಲ್ಲ ತಿಳಿಸುತ್ತೇನೆ, ನಿಮ್ಮ ಕೆಲಸ ನಿಮಗೆ ವಾಪಸು ಬರುವ ಹಾಗೆ ಮಾಡುತ್ತೇನೆ, ನನ್ನನ್ನು ಕ್ಷಮಿಸಿ ಎಂದು ಏನೇನೋ ಹೇಳಿದೆ. ಕಣ್ಣಲ್ಲಿ ನೀರು ಬಂತು. ಅವರು ಕೈ ಅಡ್ಡ ಆಡಿಸಿದರು.

'ಏನೂ ಯೋಳ್ಬ್ಯಾಡ. ಆ ಹುಡುಗ್ರ ಇಸ್ಯ ನಿನ್ ಬಾಯಿಂದ ಆಚೆ ಬರ್‌ಬಾರ್ದು. ನಂಗೂ ಕಾಲು ಬತ್ತಿರ್ಲಿಲ್ಲ, ಹೋಗ್ಲಿ ಬುಡು. ಸಾಕಾಗೋಗಿತ್ತು ಕಣಪ್ಪ.'

ಅದಕ್ಕೇ, ಇಲ್ಲಿ ಬರೆದ ಇನ್ನಾಸಪ್ಪ ಎನ್ನುವ ಹೆಸರು ಅವನದಲ್ಲ, ತಳಿಯೂ ಅವನ ಊರಲ್ಲ. ಅವರು ಮತ್ತೆ ಬೀಜ ತೆಗೆಯತೊಡಗಿದರು. ನಾನೂ ಒಂದು ಹಿಡಿ ಹಣ್ಣು ತೆಗೆದುಕೊಂಡು ಬಿಡಿಸತೊಡಗಿದೆ. ಹೊಸ ಉಪದೇಶಿ ಹೇಗೆ, ಈ ಸಲ ಮಳೆ ಸೋರಿದ್ದ ಮೂಲೆಗೆ ಹೆಂಚು ಹೊದಿಸಿದರೇ, ಹಾಡು ಯಾರು ಎತ್ತಿಕೊಟ್ಟರು ಎಂದು ಒಂದೊಂದಾಗಿ ಕೇಳಿದರು. ಹೇಳಿದೆ. ಆಮೇಲೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

'ಈ ವರ್ಸ ಯಾರಾನ ಉಳ್ಕಂಡ್ರಾ?'

ಒಬ್ಬ ಉಳಿದಿದ್ದ. ಮೊದಲ ವರ್ಷದ ಹುಡುಗ, ಕೃಷ್ಣಗಿರಿ ಕಡೆಯವನು, ಯಾರ ಜೊತೆಗೂ ಹೆಚ್ಚು ಮಾತಾಡದವನು. ಪೂಜೆ ಮುಗಿದ ಮೇಲೆ ತಿಂಡಿಗೂ ಬರದೆ, ಯಾರಿಗೂ ಹೇಳದೆ ತನ್ನ ಊರಿಗೆ ಹೊರಟುಹೋಗಿದ್ದ. ಹೌದು, ಒಬ್ಬ ಎಂದೆ.

'ಅವ್ನ ಪಕ್ಕದಾಗೆ ಯಾರು ಕೂತಿದ್ರು?'

ನಾನು ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟೆ. ಆ ಮುದುಕರಿಗೆ ಸುಳ್ಳು ಹೇಳಲು ನನಗೆ ಆಗಲಿಲ್ಲ.

ಪಕ್ಕದಲ್ಲಿ ಇದ್ದವನು ನಾನೇ ಎಂದೆ. ನಾನು ಎದ್ದು ಪ್ರಸಾದಕ್ಕೆ ಹೋದೆ, ನನಗೆ ದಾರಿ ಬಿಡಲು ಅವನು ಕಾಲು ಮಡಚಿಕೊಂಡ ಎಂದೆ.